ಎಲುಬು ಮುಟ್ಟದ ಕೈ

"ಇದನ್ನು ಎಲುಬಿನಿಂದ ಉಜ್ಜಿದ್ದೀಯಲ್ಲ?" ಎಂದು ಅಂಗಡಿಯ ಮುದುಕ ಯಜಮಾನ ಮಾರ್ಟಿನ್ ಕೀಗನ್ ಕೇಳಿದಾಗ ಬಸಯ್ಯನ ಕೈಯಲ್ಲಿ ಹಾಳಾದ ಬೇಸ್‌ಬಾಲ್ ಬ್ಯಾಟಿತ್ತು. ಅದು ಎರಡು ತುಂಡಾಗಿರಲಿಲ್ಲ. ಚೆಂಡು ತಾಗುವ ಜಾಗದಲ್ಲಿ ಮರ ಪದರ ಪದರವಾಗಿ ಎದ್ದು ಈರುಳ್ಳಿ ಸಿಪ್ಪೆಯ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಪ್ಲೇನ್‌ಫೀಲ್ಡಿನಿಂದ ಬಂದ ರಟ್ಟಿನ ಡಬ್ಬದಲ್ಲಿ ಇಂಥವೇ ಇನ್ನೂ ಮೂರು ಇದ್ದವು, ಜೊತೆಗೆ ಅಲ್ಲಿನ ಕಾಲೇಜು ಹುಡುಗರ ಬೇಸಿಗೆ ತಂಡದ ಕೋಚ್ ಬರೆದ ಒಂದು ಚೀಟಿ.

"ಹೌದು, ಉಜ್ಜಿದ್ದೇನೆ" ಅಂದ ಬಸಯ್ಯ.

"ನಲವತ್ತೆಂಟನ್ನೂ?"

"ನಲವತ್ತೆಂಟನ್ನೂ."

ಸುಳ್ಳು. ಹಸಿ ಹಸಿ ಸುಳ್ಳು. ಐವತ್ತನಾಲ್ಕು ವರ್ಷದ ಗಂಡಸು, ಗದಗಿನ ಕಡೆಯ ಜಂಗಮ ಅಯ್ಯನೋರ ಮನೆತನದವನು, ಲಿಂಗಪೂಜೆ ಆಗದೆ ಒಂದು ಗುಟುಕು ಚಹಾ ಕುಡಿಯದವನು, ಕಣ್ಣು ಕೂಡ ಮಿಟುಕಿಸದೆ ಹೇಳಿಬಿಟ್ಟ. ಹೇಳಿದವನೇ ಬ್ಯಾಟನ್ನು ಡಬ್ಬದೊಳಕ್ಕೆ ಇಟ್ಟುಬಿಟ್ಟ.

ಕೀಗನ್ ಕನ್ನಡಕ ಏರಿಸಿಕೊಂಡು ಚೀಟಿಯನ್ನು ಗಟ್ಟಿಯಾಗಿ ಓದಿದ. ಮೂರನೇ ಪಂದ್ಯದಲ್ಲಿ ಬ್ಯಾಟಿನಿಂದ ಎದ್ದ ಚಕ್ಕೆ ಹಾರಿ ಚೆಂಡೆಸೆಯುವ ಪಿಚರ್ ಹುಡುಗನ ಕೆನ್ನೆ ಹರಿದಿದೆ, ಐದು ಹೊಲಿಗೆ. ಇನ್ನೆರಡು ಇಂಚು ಮೇಲೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. 'ಮಾರ್ಟಿನ್, ನಿನ್ನ ಕೈಯಿಂದ ಇಂಥದ್ದು ಬಂದದ್ದು ನಾನು ಕಂಡಿಲ್ಲ' ಅಂತ ಕೊನೆಯ ಸಾಲು. ಮುದುಕ ಆ ಸಾಲನ್ನು ಎರಡು ಸಲ ಓದಿದ.

"ಹಾಗಾದರೆ ಮರದ್ದೇ ತಪ್ಪು" ಅಂದ ಕೊನೆಗೆ. "ನನ್ನದೇ ತಪ್ಪು. ಒಣಗಿಸುವಾಗ ಎಲ್ಲೋ ಎಡವಿದ್ದೇನೆ. ಇಲ್ಲದಿದ್ದರೆ ಕಡಿಯುವ ಮೊದಲೇ ಹುಳ ಹೊಕ್ಕಿತ್ತು, ನನ್ನ ಹಾಳು ಕಣ್ಣಿಗೆ ಕಾಣಲಿಲ್ಲ. ಗುರುವಾರ ಲಾರಿ ಕರೆಸುತ್ತೇನೆ. ಕಡೆದಿಟ್ಟಿರೋ ಮೂವತ್ತೆರಡು ಬ್ಯಾಟು, ಅಟ್ಟದ ಮೇಲಿರೋ ಹಲಗೆ, ಎಲ್ಲಾ ಸುಡೋದಕ್ಕೆ ಹೋಗಲಿ. ಇನ್ನೊಬ್ಬನ ಮುಖ ಹರಿಯೋದು ಬೇಡ."

ಬಸಯ್ಯ ತಲೆಯೆತ್ತಿ ಅಟ್ಟದ ಕಡೆ ನೋಡಿದ. ಅಲ್ಲಿದ್ದದ್ದು ಆ್ಯಶ್ ಮರ. ಬ್ಯಾಟಿಗೆ ಅದರಂಥ ಮರ ಇನ್ನೊಂದಿಲ್ಲ ಎಂದು ಕೀಗನ್ ಆಣೆ ಇಟ್ಟು ಹೇಳುತ್ತಿದ್ದ. ಏಳು ವರ್ಷದ ಹಿಂದೆ ಇದೇ ಡೆಟ್ರಾಯಿಟಿನ ಸುತ್ತಮುತ್ತ ಒಂದು ಹಸಿರು ಹುಳ ಕಾಣಿಸಿಕೊಂಡು, ಮಿಶಿಗನ್ನಿನ ಆ್ಯಶ್ ಮರಗಳನ್ನೆಲ್ಲ ನಿಂತಲ್ಲೇ ಕೊಲ್ಲುತ್ತಾ ಹೋಗಿತ್ತು. ಹುಳ ಬರುವ ಮೊದಲು ಕಡಿಸಿ, ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿದ ಮರ ಇದು. ಇನ್ನು ಹುಡುಕಿದರೂ ಸಿಗದು. ಅದಕ್ಕೆ ಏನೂ ಆಗಿರಲಿಲ್ಲ. ಅದು ಬಸಯ್ಯನಿಗೊಬ್ಬನಿಗೇ ಗೊತ್ತಿತ್ತು.

ಬಸಯ್ಯ ಡೆಟ್ರಾಯಿಟಿನ ಪಕ್ಕದ ಟ್ರಾಯ್‌ನಲ್ಲಿ ಕಾರಿನ ಆಕ್ಸಲ್ ತಯಾರಿಸುವ ಕಂಪನಿಯಲ್ಲಿ ಹದಿನೇಳು ವರ್ಷ ಎಂಜಿನಿಯರ್ ಆಗಿದ್ದವನು. ಎರಡು ಸಾವಿರದ ಎಂಟರ ನವೆಂಬರಿನಲ್ಲಿ ಅವನ ವಿಭಾಗವನ್ನೇ ಮುಚ್ಚಿದರು. ಆಮೇಲೆ ನಾಲ್ಕು ತಿಂಗಳು ಮನೆಯಲ್ಲಿ ಕೂತ. ಅಪ್ಲೈ ಮಾಡಿದ, ಮತ್ತೆ ಅಪ್ಲೈ ಮಾಡಿದ. ಕೇಳಿದಲ್ಲೆಲ್ಲ ಅವರೇ ಇದ್ದವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸುತ್ತಿದ್ದರು. ಹೆಂಡತಿ ಜಯದೇವಿ ಫಾರ್ಮಸಿಗೆ ಕೆಲಸಕ್ಕೆ ಹೊರಟ ಮೇಲೆ ಮನೆಯ ಬಾಗಿಲ ತಿರುಗಣಿಗೆ ಎಣ್ಣೆ ಬಿಡುವುದು, ಸರಿಯಿದ್ದ ನಲ್ಲಿ ಬಿಚ್ಚಿ ಮತ್ತೆ ಜೋಡಿಸುವುದು, ಇದೇ ಅವನ ದಿನಚರಿ. ಬಡಾವಣೆಯಲ್ಲಿ ಯಾರಾದರೂ ನಾಯಿ ಹಿಡಿದು ಎದುರು ಬಂದರೆ ಗರಾಜಿನೊಳಗೆ ಸರಿದುಕೊಳ್ಳುತ್ತಿದ್ದ.

ಹಾರ್ಡ್‌ವೇರ್ ಅಂಗಡಿಯ ಗೋಡೆಯ ಮೇಲೆ 'ಲೇತ್ ಬಲ್ಲವರು ಬೇಕು' ಎಂಬ ಕೈಬರಹದ ಚೀಟಿ ನೋಡಿ ಡೆಟ್ರಾಯಿಟಿನ ಐರಿಷರ ಹಳೆಯ ಕೇರಿ ಕಾರ್ಕ್‌ಟೌನಿಗೆ ಹೋದ ದಿನ ಅವನಿಗೆ ಹೋದ ಜೀವ ಬಂದ ಹಾಗಾಗಿತ್ತು. ಎಪ್ಪತ್ತನಾಲ್ಕು ವರ್ಷದ ಮುದುಕ, ಮರ ಕಡೆಯುವ ಅಜ್ಜನ ಕಾಲದ ಲೇತ್, ಮರದ ಹೊಟ್ಟಿನ ವಾಸನೆ. ಎರಡು ಬೀದಿ ಆಚೆ ಹಳೆಯ ಸ್ಟೇಡಿಯಂ ಕೆಡವುತ್ತಿದ್ದ ಧೂಳು ಕಿಟಕಿಯ ಗಾಜಿನ ಮೇಲೆ ಕೂತಿತ್ತು. ಬಸಯ್ಯ ಆ ಲೇತನ್ನು ಮೂರು ದಿನದಲ್ಲಿ ಸರಿ ಮಾಡಿದ. ನಾಲ್ಕನೇ ದಿನದಿಂದ ಬ್ಯಾಟು ಕಡೆಯತೊಡಗಿದ. ಅವನ ಹೆಸರು ನಾಲಿಗೆಗೆ ಹೊರಳದೆ ಕೀಗನ್ 'ಬಸ್ಸಿ' ಅಂತ ಕರೆಯುತ್ತಿದ್ದ, ಬಸಯ್ಯನಿಗೆ ಅದೂ ಸಿಹಿಯಾಗೇ ಕೇಳುತ್ತಿತ್ತು.

ಕೀಗನ್ ಮಾತಿನ ಮನುಷ್ಯ. ಅವನ ಮುತ್ತಜ್ಜ ಐರ್ಲೆಂಡಿನ ಕಾರ್ಕ್‌ನಿಂದ ಬರುವಾಗ ತಮ್ಮ ಊರಿನ ಹಾಕಿಯಂಥ ಆಟದ ಕೋಲು ಕೆತ್ತುವ ಕಸುಬನ್ನೂ ಒಂದು ಎಲುಬನ್ನೂ ತಂದಿದ್ದನಂತೆ. ಇಲ್ಲಿ ಆ ಆಟ ಯಾರಿಗೂ ಬೇಕಿರಲಿಲ್ಲ. ಬೀದಿಯ ಐರಿಷ್ ಹುಡುಗರೆಲ್ಲ ಬೇಸ್‌ಬಾಲಿಗೆ ಬಿದ್ದಿದ್ದರು. ಸರಿ, ಮುತ್ತಜ್ಜ ಅದೇ ಆ್ಯಶ್ ಮರದಲ್ಲಿ ದುಂಡನೆಯ ಬ್ಯಾಟು ಕಡೆಯತೊಡಗಿದ.

"ಕಾರ್ಖಾನೆ ಬಾಗಿಲಲ್ಲಿ ನಮ್ಮ ಹೆಸರು ಕೇಳಿದ ಕೂಡಲೇ ಮುಖ ತಿರುಗಿಸುತ್ತಿದ್ದರು ಬಸ್ಸಿ" ಅನ್ನುತ್ತಿದ್ದ ಮುದುಕ. "ಮೈದಾನದಲ್ಲಿ ಮಾತ್ರ ಹೆಸರು ಕೇಳುತ್ತಿರಲಿಲ್ಲ, ಹೊಡೆಯೋಕೆ ಬರುತ್ತಾ ಅಂತ ಕೇಳುತ್ತಿದ್ದರು. ಅಜ್ಜನ ಕಾಲದಲ್ಲಿ ತಂಡದ ಪಟ್ಟಿ ಓದಿದರೆ ನಮ್ಮ ಚರ್ಚಿನ ಹಾಜರಿ ಕೂಗಿದ ಹಾಗಿರುತ್ತಿತ್ತಂತೆ. ಆಡುವವರು, ಆಡಿಸುವವರು, ಅಂಪೈರುಗಳು, ಹುಲ್ಲು ಕತ್ತರಿಸುವವನು ಕೂಡ ನಮ್ಮವನೇ."

ಆ ಎಲುಬು ಕೆಲಸದ ಮೇಜಿನ ಮೇಲೇ ಇರುತ್ತಿತ್ತು. ಮೊಳದುದ್ದ, ಉಜ್ಜಿ ಉಜ್ಜಿ ಬೆಣ್ಣೆಯ ಬಣ್ಣಕ್ಕೆ ಬಂದಿತ್ತು. ಕಡೆದ ಬ್ಯಾಟನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಎಲುಬಿನಿಂದ ಮುಕ್ಕಾಲು ಗಂಟೆ ಒಂದೇ ಸಮ ಉಜ್ಜಬೇಕು. ಆ್ಯಶ್ ಮರದ ಎಳೆಗಳ ನಡುವಿನ ಸಂದು ಆಗ ಮುಚ್ಚಿಕೊಳ್ಳುತ್ತದೆ, ಚೆಂಡು ಎಷ್ಟು ಬಡಿದರೂ ಪದರ ಏಳುವುದಿಲ್ಲ. ಗ್ಲೌಸ್ ಹಾಕುವಂತಿಲ್ಲ, ಎಳೆ ಕೂತದ್ದು ಬರಿಗೈಗೇ ತಿಳಿಯಬೇಕು. ಮೊದಲ ದಿನವೇ ಬಸಯ್ಯ ಅದು ಯಾವುದರ ಎಲುಬು ಅಂತ ಕೇಳಿದ್ದ.

"ಎತ್ತಿನದು. ಮುಂಗಾಲಿನದು."

ಎತ್ತಿನದು. ಬಸವಣ್ಣನದು! ಬಸಯ್ಯನ ಮೈ ಜುಂ ಅಂದಿತ್ತು. ಅಂದಿನಿಂದ ಅವನು ಕಡೆಯುತ್ತಿದ್ದ, ಕೀಗನ್ ಉಜ್ಜುತ್ತಿದ್ದ. ಏಪ್ರಿಲಿನಲ್ಲಿ ಮುದುಕನಿಗೆ ಕಣ್ಣಿನ ಪೊರೆ ತೆಗೆಸುವುದು ಬಂತು. ಹತ್ತು ದಿನ ಅಂಗಡಿಗೆ ಬರುವಂತಿಲ್ಲ. ಪ್ಲೇನ್‌ಫೀಲ್ಡಿನ ನಲವತ್ತೆಂಟು ಬ್ಯಾಟುಗಳನ್ನು ತೋರಿಸಿ, ಎಲುಬನ್ನು ಮೇಜಿನ ಮೇಲಿಟ್ಟು, "ಇವು ನಿನ್ನವು" ಅಂತ ಹೇಳಿ ಹೋದ.

ಆ ಸಂಜೆ ಊಟದ ಹೊತ್ತಿಗೆ ಬಸಯ್ಯ ಎಡ ಅಂಗೈಯನ್ನು ನೋಡಿಕೊಳ್ಳುತ್ತಾ ಕೂತಿದ್ದ. ದಿನಾ ಬೆಳಿಗ್ಗೆ ಎದೆಯ ಮೇಲಿನ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಇಟ್ಟುಕೊಂಡು ಪೂಜೆ ಮಾಡುವುದು ಆ ಅಂಗೈಯಲ್ಲಿ.

"ಗ್ಲೌಸ್ ಹಾಕ್ಕೊಳ್ರಿ" ಅಂದಳು ಜಯದೇವಿ, ರೊಟ್ಟಿ ಬಡಿಸುತ್ತಾ. "ಡೆಂಟಿಸ್ಟ್ ಮಂದಿ ಹಾಕ್ಕೋತಾರಲ್ಲ, ಅಂಥಾವು ನಮ್ಮ ಫಾರ್ಮಸ್ಯಾಗ ಡಬ್ಬಿಗಟ್ಲೆ ಅದಾವು."

"ಹಾಕ್ಕೊಂಡ್ರ ಕೈಗೆ ಮರ ತಿಳಿಯಂಗಿಲ್ಲ ಅಂತಾನ."

"ಹಂಗಾರ ಖರೇ ಹೇಳ್ರಿ. ನಾ ಅಯ್ನೋರ ಪೈಕಿ, ಈ ಕೈಯಾಗ ಲಿಂಗ ಹಿಡಿತೀನಿ, ಎಲುಬು ಮುಟ್ಟಂಗಿಲ್ಲ ಅಂತ."

"ಹೇಳಿದ್ರ ನಾಳಿಂದ ಬರಬ್ಯಾಡ ಅಂತಾನ. ಮತ್ತ ಮನ್ಯಾಗ ಕುಂಡ್ರೂದು ನನ್ನ ಕಡೆ ಆಗಂಗಿಲ್ಲ ಜಯಾ. ಹುಚ್ಚ ಹಿಡಿತೈತಿ."

ಆನ್ ಆರ್ಬರ್‌ನಲ್ಲಿ ಓದುತ್ತಿದ್ದ ಮಗಳು ಅಕ್ಷರಾ ಆ ವಾರ ಮನೆಗೆ ಬಂದಿದ್ದಳು. ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಜಸ್ಟ್ ಟೆಲ್ ಹಿಮ್" ಅಂದಳು. ಎಷ್ಟು ಸುಲಭ ಇವಕ್ಕೆ ಎಂದು ಬಸಯ್ಯನಿಗೆ ಸಿಟ್ಟೇ ಬಂತು.

ಹೇಳುವ ಬದಲು ಎಂಜಿನಿಯರ್ ಬುದ್ಧಿ ಓಡಿಸಿದ. ಆಕ್ಸಲ್ ಕಂಪನಿಯಲ್ಲಿ ಉಕ್ಕಿನ ದಂಡವನ್ನು ಗಟ್ಟಿ ನುಣುಪು ಮಾಡಲು ಉಕ್ಕಿನ ಉರುಳೆಗಳ ನಡುವೆ ಒತ್ತಿ ತಿರುಗಿಸುತ್ತಿದ್ದರು. ಅದನ್ನೇ ಇಲ್ಲಿ ಮಾಡಿದರಾಯಿತಲ್ಲ! ಗರಾಜಿನಲ್ಲಿ ಕೂತು ಎರಡು ಪುಟ್ಟ ಉರುಳೆ, ಒಂದು ಸ್ಪ್ರಿಂಗು ಜೋಡಿಸಿ, ಕೀಗನ್ ಇಲ್ಲದ ಅಂಗಡಿಯ ಲೇತಿಗೆ ಸಿಕ್ಕಿಸಿದ. ಒಂದು ಬ್ಯಾಟಿಗೆ ನಾಲ್ಕೇ ನಿಮಿಷ. ನಲವತ್ತೆಂಟೂ ಒಂದೇ ದಿನದಲ್ಲಿ ಫಳಫಳ. ಎಲುಬು ಇಟ್ಟಲ್ಲೇ ಇತ್ತು, ಅದರ ಮೇಲೆ ಧೂಳು ಕೂತದ್ದನ್ನು ಕೀಗನ್ ಬರುವ ಹಿಂದಿನ ದಿನ ಕಾಗದದಿಂದ ಒರೆಸಿದ. ಒರೆಸುವಾಗಲೂ ಕೈ ತಾಗಿಸಲಿಲ್ಲ.

ಮುದುಕ ಹೊಸ ಕಣ್ಣಿನಿಂದ ಬ್ಯಾಟುಗಳನ್ನು ನೋಡಿ, ಹೆಬ್ಬೆರಳಿನಿಂದ ನೇವರಿಸಿ, "ಗಾಜಿನ ಹಾಗೆ ಮಾಡಿದ್ದೀಯ. ನಾನೂ ಇಷ್ಟು ನೀಟಾಗಿ ಮಾಡಲಾರೆ" ಅಂದ. ಆಗಲಾದರೂ ಹೇಳಬಹುದಿತ್ತು. ಬಸಯ್ಯ ಹಲ್ಲು ಕಿರಿದು ಬ್ಯಾಟುಗಳನ್ನು ಡಬ್ಬಕ್ಕೆ ತುಂಬತೊಡಗಿದ.

ಈಗ ತಿಳಿಯುತ್ತಿತ್ತು ಏನಾಗಿದೆ ಅಂತ. ಉಕ್ಕಿಗೆ ಉಕ್ಕು ಸರಿ. ಮರಕ್ಕೆ ಆ ಒತ್ತಡ ಹೆಚ್ಚಾಗಿತ್ತು. ಮೇಲೆ ನುಣುಪಾಗಿ ಒಳಗಿನ ಮೆದು ಪದರವೆಲ್ಲ ಹಿಟ್ಟಾಗಿತ್ತು. ಎಲುಬಾಗಿದ್ದರೆ ಎಲ್ಲಿ ಸಾಕು ಅನ್ನುವುದು ಕೈಗೆ ಗೊತ್ತಾಗುತ್ತಿತ್ತು.

ಆ ಭಾನುವಾರ ಟ್ರಾಯ್‌ನಲ್ಲೇ ಡಾಕ್ಟರ್ ಶಿವಬಸಪ್ಪನವರ ಮನೆಯಲ್ಲಿ ಮೊಮ್ಮಗಳಿಗೆ ಲಿಂಗಧಾರಣೆ. ಆ ಕಡೆಯ ನಾಲ್ಕೈದು ಮನೆಗಳಿಗೆ ಬಸಯ್ಯನೇ ಅಯ್ಯನೋರು. ರಿಟೈರಾದ ಹೃದಯದ ಡಾಕ್ಟರು, ಎಪ್ಪತ್ತು ದಾಟಿದವರು, ಅವನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದರು.

"ಇಲ್ಲಿ ಎಲ್ಲಾ ಸಿಗತೈತ್ರಿ ಅಯ್ನೋರ. ಆಚಾರ ಇರೂ ಕೈ ಸಿಗೂದಿಲ್ಲ. ನಿಮ್ಮ ಕೈಲೆ ಕಟ್ಟಿಸಿಕೊಂಡ್ರ ನಮಗೊಂದು ಸಮಾಧಾನ" ಅಂದರು.

ಬಸಯ್ಯ ಮಗುವಿನ ಕೊರಳಿಗೆ ದಾರ ಕಟ್ಟಿದ. ಗಂಟು ಎರಡು ಸಲ ಜಾರಿತು. ಕೈಯೇನೋ ಚೊಕ್ಕ ಉಳಿದಿತ್ತು. ಬಾಯಿ? ಪಾಯಸದ ಬಟ್ಟಲು ಹಿಡಿದು ಮೂಲೆಯಲ್ಲಿ ಕೂತಾಗ ಕಾಣದ ಆ ಪಿಚರ್ ಹುಡುಗನ ಕೆನ್ನೆ ಮತ್ತೆ ಮತ್ತೆ ಕಣ್ಣೆದುರು ಬಂತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸೋಮವಾರ ಹೇಳೋಣ ಅಂದುಕೊಂಡ, ಹೇಳಲಿಲ್ಲ. ಮಂಗಳವಾರ ಕೀಗನ್ ಅಂಗಡಿಯಲ್ಲಿ ಒಬ್ಬನೇ ಕೂತು ಹಲಗೆಗಳನ್ನು ಒಂದೊಂದಾಗಿ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. "ನನಗೆ ಇದು ಸರಿಯಾಗೇ ಕೇಳಿಸುತ್ತೆ ಬಸ್ಸಿ. ಆದರೆ ನನ್ನ ಕಿವಿಯನ್ನ ಇನ್ನು ನಾನು ಹೇಗೆ ನಂಬಲಿ?" ಅಂದ. ಬುಧವಾರ ಅವನು ಅಂಗಡಿಯ ಬೋರ್ಡು ಇಳಿಸಲು ಏಣಿ ಹುಡುಕಿದ. ಬಸಯ್ಯ ಏಣಿಯನ್ನೂ ಹುಡುಕಿಕೊಟ್ಟ, ನಿಜವನ್ನು ಮಾತ್ರ ಹೇಳಲಿಲ್ಲ. ಎಂಥಾ ಹೇಡಿ!

ಗುರುವಾರ ಬೆಳಿಗ್ಗೆ ಎಂಟಕ್ಕೆ ಲಾರಿ ಬಂತು. ಲಾರಿಯವನು ಅಟ್ಟದಿಂದ ಮೊದಲ ಹೊರೆ ಇಳಿಸಿ ಬಾಗಿಲಿಗೆ ತಂದಾಗ ಕೀಗನ್ ಹೊರಗೆ ಬಿಸಿಲಲ್ಲಿ ಟೊಪ್ಪಿಗೆ ತೆಗೆದು ನಿಂತಿದ್ದ, ಹೆಣ ಹೊರಡುವಾಗ ನಿಲ್ಲುವ ಹಾಗೆ. ಬಸಯ್ಯ ಕಾರು ನಿಲ್ಲಿಸಿದವನು ಬಾಗಿಲು ಹಾಕುವುದನ್ನೂ ಮರೆತು ಓಡಿ ಬಂದು ಹೊರೆಗೆ ಅಡ್ಡ ನಿಂತ.

"ನಿಲ್ಲಿಸಿ. ಮರದ್ದು ತಪ್ಪಲ್ಲ. ನಿಮ್ಮದೂ ಅಲ್ಲ. ನಾನು ಎಲುಬಿನಿಂದ ಉಜ್ಜಲೇ ಇಲ್ಲ."

ಕಾರಿನ ಡಿಕ್ಕಿಯಿಂದ ಉರುಳೆಗಳನ್ನು ತಂದು ಮುದುಕನ ಕೈಗಿಟ್ಟ. ಎಲ್ಲವನ್ನೂ ಹೇಳಿದ, ಏಪ್ರಿಲಿನಿಂದ ಹಿಡಿದು. ಕೀಗನ್ ಉರುಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಒಳ್ಳೆಯ ಕೆಲಸ ಕಂಡಾಗ ಸುಮ್ಮನಿರಲು ಅವನ ಕಸುಬು ಬಿಡಲಿಲ್ಲ. "ಚೆನ್ನಾಗಿ ಮಾಡಿದ್ದೀಯ" ಅಂದ. ಆಮೇಲೆ, "ಯಾಕೆ?" ಅಂತ ಕೇಳಿದ.

ಬಸಯ್ಯ ಅಂಗಿಯ ಗುಂಡಿ ಬಿಚ್ಚಿ ಬೆಳ್ಳಿಯ ಕರಡಿಗೆ ತೋರಿಸಿದ. "ಇದರಲ್ಲಿ ನನ್ನ ದೇವರಿದೆ. ದಿನಾ ಈ ಅಂಗೈ ಮೇಲೆ ಕೂರಿಸಿಕೊಳ್ಳುತ್ತೇನೆ. ಎತ್ತು ನಮಗೆ ದೇವರ ಸಮಾನ. ಆ ಎಲುಬನ್ನು ಈ ಕೈಯಲ್ಲಿ ಹಿಡಿಯೋಕೆ ನನ್ನಿಂದ ಆಗಲಿಲ್ಲ. ಹೇಳಿದರೆ ಕೆಲಸದಿಂದ ತೆಗೀತೀರಿ ಅಂತ ಹೆದರಿದೆ."

ಲಾರಿಯವನು ಏನೂ ತಿಳಿಯದೆ ಹೊರೆಯ ಮೇಲೆ ಕೂತು ಸಿಗರೇಟು ಹಚ್ಚಿದ. ಕೀಗನ್ ಟೊಪ್ಪಿಗೆಯನ್ನು ಮತ್ತೆ ತಲೆಗೆ ಹಾಕಿಕೊಂಡ.

"ಈಸ್ಟರಿಗೆ ಮುಂಚೆ ನಲವತ್ತು ದಿನ ನಮ್ಮಲ್ಲಿ ಉಪವಾಸದ ಕಾಲ" ಅಂದ ಕೊನೆಗೆ. "ಮಾಂಸ ಮುಟ್ಟದ ಆ ಶುಕ್ರವಾರಗಳಲ್ಲಿ ನಮ್ಮ ಅಜ್ಜಿ ಎಲುಬನ್ನ ಮೇಜಿನ ಮೇಲೆ ಇಡೋಕೇ ಬಿಡುತ್ತಿರಲಿಲ್ಲ. ಬಟ್ಟೆ ಸುತ್ತಿ ಎತ್ತಿಡುತ್ತಿದ್ದಳು. ಅಜ್ಜ ಗೊಣಗುತ್ತಿದ್ದ, ಆದರೆ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಇದು ಯಾರಿಗೂ ತಿಳಿಯದ ಮಾತಲ್ಲ ಬಸ್ಸಿ. ನೀನು ಒಂದು ಮಾತು ಹೇಳಿದ್ದರೆ ನಾನೇ ಉಜ್ಜುತ್ತಿದ್ದೆ. ಕಣ್ಣಿನ ಆಪರೇಷನ್ ಒಂದು ತಿಂಗಳು ಮುಂದಕ್ಕೆ ಹಾಕುತ್ತಿದ್ದೆ, ಅಷ್ಟೇ ತಾನೆ?"

ಅಷ್ಟೇ. ಅಷ್ಟೇ ಆಗಿತ್ತು.

"ಆ ಹುಡುಗನ ಕೆನ್ನೆ ಹರಿದದ್ದು ನಿನ್ನ ದೇವರಲ್ಲ, ನೀನು" ಅಂದ ಕೀಗನ್. ದನಿ ಏರಲಿಲ್ಲ. "ಈ ವಾರವೆಲ್ಲ ನಾನು ಇಲ್ಲಿ ಮರ ಬಡಿದುಕೊಂಡು ಕೂತಿದ್ದೆ. ನೀನು ಅಲ್ಲೇ ನಿಂತು ನೋಡಿದೆ."

ಲಾರಿಯನ್ನು ಖಾಲಿ ಕಳಿಸಿದ. ಆಮೇಲೆ ಫೋನನ್ನು ಬಸಯ್ಯನ ಮುಂದೆ ತಳ್ಳಿದ. ಬಸಯ್ಯ ಪ್ಲೇನ್‌ಫೀಲ್ಡಿನ ಕೋಚ್‌ಗೆ ತಾನೇ ಹೇಳಬೇಕಾಯಿತು: ತಪ್ಪು ನನ್ನದು, ಉಳಿದ ನಲವತ್ತನಾಲ್ಕನ್ನೂ ಯಾರೂ ಮುಟ್ಟಬೇಡಿ, ಸದ್ಯಕ್ಕೆ ಮೂವತ್ತೆರಡು ಬದಲಿ ಕಳಿಸುತ್ತೇವೆ. ಆ ಕಡೆಯಿಂದ ಕೋಚ್ ಬೈಯಲೂ ಇಲ್ಲ, ಕ್ಷಮಿಸಲೂ ಇಲ್ಲ. ಹುಡುಗನ ಹೆಸರು ಬ್ರೆಂಡನ್ ಅಂತ ಮಾತ್ರ ಹೇಳಿದ, ಹೊಲಿಗೆ ಬಿಚ್ಚುವುದು ಮಂಗಳವಾರ ಅಂದ.

"ಮೂವತ್ತೆರಡು ಇವೆ" ಅಂದ ಕೀಗನ್, ಅದೇ ಮೇಜಿನ ಬಳಿ ನಿಂತು. "ನಾನು ಉಜ್ಜುತ್ತೇನೆ. ಅಲುಗದ ಹಾಗೆ ಆ ಕಡೆಯ ತುದಿ ಹಿಡಿದುಕೊಳ್ಳೋಕೆ ಒಬ್ಬರು ಬೇಕು, ಮೊದಲಿನ ಹಾಗೆ ನನಗೆ ಒಬ್ಬನಿಗೇ ಆಗದು. ಇವು ಮುಗಿಯುವವರೆಗೆ ಬಾ. ಆಮೇಲೆ ಬರಬೇಡ."

ಆ ಸಂಜೆ ಜಯದೇವಿ ಎಲ್ಲ ಕೇಳಿ, "ಹೇಳಿದ್ರಲ್ಲ, ಛಲೋ ಆತು ಬಿಡ್ರಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ತಡಾ ಮಾಡಿದ್ರಿ" ಅಂತಲೂ ಅಂದಳು.

ದಿನಕ್ಕೆ ನಾಲ್ಕು ಬ್ಯಾಟು, ಕೈ ಸೋತ ದಿನ ಮೂರು. ಬಸಯ್ಯ ಹಿಡಿಯ ಕಡೆ ನಿಂತು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದ, ಕೀಗನ್ ಎದುರು ನಿಂತು ಉಜ್ಜುತ್ತಿದ್ದ. ಮುದುಕ ಈಗ ಕತೆ ಹೇಳುತ್ತಿರಲಿಲ್ಲ. ಮುತ್ತಜ್ಜನ ಸುದ್ದಿಯಿಲ್ಲ, ಚರ್ಚಿನ ಹಾಜರಿಯ ಸುದ್ದಿಯಿಲ್ಲ. 'ತಿರುಗಿಸು', 'ಸಾಕು', ಇಷ್ಟೇ. 'ಬಸ್ಸಿ' ಅಂತಲೂ ಕರೆಯುತ್ತಿರಲಿಲ್ಲ. ಬಸಯ್ಯನಿಗೆ ಆ ಒಂದು ಹೆಸರು ಕೇಳಬೇಕೆಂದು ಎಷ್ಟು ಆಸೆಯಾಗುತ್ತಿತ್ತೆಂದರೆ, ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಅನ್ನ ಸೇರುತ್ತಿರಲಿಲ್ಲ.

ಒಂಬತ್ತನೇ ದಿನ ಮಧ್ಯಾಹ್ನ, ಇಪ್ಪತ್ತೊಂಬತ್ತನೇ ಬ್ಯಾಟಿನ ನಡುವೆ ಕೀಗನ್‌ನ ಬಲ ಭುಜ ಹಿಡಿದುಕೊಂಡಿತು. ಹರೆಯದಲ್ಲಿ ಚೆಂಡೆಸೆದು ಕೆಟ್ಟ ಭುಜ ಅದು. ಎಲುಬನ್ನು ಮೇಜಿನ ಮೇಲೆ ಬಿಟ್ಟು, ತೋಳನ್ನು ಇನ್ನೊಂದು ಕೈಯಿಂದ ಹಿಡಿದು, ಹಲ್ಲು ಕಚ್ಚಿ ಸ್ಟೂಲಿನ ಮೇಲೆ ಕೂತ. ಹಣೆಯಲ್ಲಿ ಬೆವರು. ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಬಸಯ್ಯನ ಕಡೆ ನೋಡಲೂ ಇಲ್ಲ.

ಬಸಯ್ಯ ಎಲುಬನ್ನು ನೋಡಿದ. ಪೂಜೆ ಕಲಿಸಿದ ಅಪ್ಪ ನೆನಪಾದ, ಶಿವಬಸಪ್ಪನವರು ನೆನಪಾದರು, ಬೆಳಗಿನ ಪೂಜೆ ನೆನಪಾಯಿತು. ಆಗಲಿ, ಏನಾದರೂ ಆಗಲಿ ಅನ್ನಿಸಿತು. ಬ್ಯಾಟು ಬಿಟ್ಟು ಕೈ ಚಾಚಿದ.

ಬೆರಳು ತಾಗುವ ಮೊದಲೇ ಕೀಗನ್ ಎದ್ದು ಎಲುಬಿನ ಮೇಲೆ ತನ್ನ ಕೈ ಮುಚ್ಚಿದ.

"ಬೇಡ" ಅಂದ. "ನಿನ್ನ ಕೈ ನಿನಗೇ ಇರಲಿ."

ಬಸಯ್ಯನ ಕೈ ಗಾಳಿಯಲ್ಲೇ ನಿಂತಿತು. ಮುದುಕ ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲು ನಾಚಿಕೆಯಾಯಿತು.

ಕೀಗನ್ ಎಲುಬನ್ನು ಎಡಗೈಗೆ ಬದಲಾಯಿಸಿಕೊಂಡ. ಅಭ್ಯಾಸವಿಲ್ಲದ ಕೈ, ಎಳೆತ ವಾರೆವಾರೆಯಾಗಿ ಬೀಳುತ್ತಿತ್ತು, ಒಂದೊಂದಕ್ಕೂ ಉಸಿರು ಕಟ್ಟುತ್ತಿತ್ತು.

"ಹಿಡಿ" ಅಂದ.

ಬಸಯ್ಯ ಬ್ಯಾಟಿನ ತುದಿಯನ್ನು ಎರಡೂ ಕೈಯಿಂದ ಮೇಜಿಗೆ ಒತ್ತಿ ಹಿಡಿದ. ಕಿಟಕಿಯಾಚೆ ಸ್ಟೇಡಿಯಂ ಕೆಡವುವ ಯಂತ್ರ ಊಟದ ಬಿಡುವು ಮುಗಿಸಿ ಮತ್ತೆ ಶುರುವಾಯಿತು. ಇದನ್ನು ಬಿಟ್ಟರೆ ಇನ್ನು ಮೂರು ಬ್ಯಾಟು ಉಳಿದಿದ್ದವು.